ಅಜ್ಜನ ತುಟಿ

ಜನವರಿ ೨೮, ಬುಧವಾರ. ರಾಪಾ ನುಯಿ (ಈಸ್ಟರ್ ದ್ವೀಪ).

ಈ ಕೈ ಕಡಿದುಹಾಕಬೇಕು! ನೆಲಕ್ಕುರುಳಿ ಮಲಗಿರುವ ನಮ್ಮ ಕುಲದ ಮೊಆಯ್ ಮೂರ್ತಿ, ನಮ್ಮ ಕಲ್ಲಿನ ಅಜ್ಜ, ಹಬ್ಬಕ್ಕೆ ಮಿಂಚಲಿ ಎಂದು ಮುಖದ ಕಲ್ಲುಹೂವನ್ನು ತಂತಿಬ್ರಷ್‌ನಿಂದ ಉಜ್ಜಿದೆ. ಅದರ ಜೊತೆ ತುಟಿಯೂ ಹಿಟ್ಟಾಗಿ ಉದುರಿತು. ಕಲ್ಲನ್ನು ಒಳಗೊಳಗೇ ತಿಂದ ಹಾಳು ಕಲ್ಲುಹೂವೇ ಅದನ್ನು ಹಿಡಿದುಕೊಂಡೂ ಇತ್ತು.

"ಭಲೇ ತೇಪಾನೋ, ಅಜ್ಜಂಗೆ ಕ್ಷೌರ ಮಾಡ್ಬಿಟ್ಯಲ್ಲೋ!" ಎಂದರು ಊರವರು. ನಾನು ರಂಗದ ರಾಜನಂತೆ ಬಾಗಿದೆ. ಥೂ!

ಸಂಜೆ ಕುರುಡಿ ಪರಾಪಿನಾ ಅತ್ತೆ ಬಂದಳು. ಅವಳು ಅಜ್ಜನನ್ನು ನೋಡುವುದು ಬೆರಳಿನಿಂದಲೇ. ಮೂಗಿನಿಂದ ಇಳಿದ ಬೆರಳು ಗಕ್ಕನೆ ನಿಂತಿತು.

"ಇದ್ಯಾರ ಅಜ್ಜನೋ, ಮಂಕೇ? ನಮ್ಮಜ್ಜನ ಹತ್ರ ಕರ್ಕೊಂಡೋಗು."

ಕೈಹಿಡಿದು ಪಕ್ಕದ ಕುಲದ ಮೊಆಯ್ ಬಳಿಗೆ ನಡೆಸಿದೆ. ಅದೂ ಮಲಗಿದೆ; ಅದರ ಕಲ್ಲುಹೂವನ್ನು ಯಾರೂ ಮುಟ್ಟಿಲ್ಲ.

"ಹಾಂ, ಇವ್ನೇ," ಎಂದು ಆ ಪರರ ಅಜ್ಜನ ತುಟಿ ಸವರುತ್ತಾ ಅತ್ತಳು. ನಾನು ಪಕ್ಕದಲ್ಲೇ ನಿಂತು, ಹೌದತ್ತೆ ಎಂದುಬಿಟ್ಟೆ.