ದುಪ್ಪಟ್ಟಾಗಬೇಕಿದ್ದ ಸಂಖ್ಯೆ

ಅಪ್ಪಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದುಕೊಳ್ಳಬೇಡಿ. ನಾವಿಬ್ಬರೂ ಎದುರುಬದುರು ಕೂತರೆ ಹಾಲು ಬಂತೇ, ಕರೆಂಟು ಹೋಯಿತೇ ಎಂಬುದರಾಚೆಗೆ ಮಾತು ಹೋಗುವುದಿಲ್ಲ. ಅಮ್ಮ ಇದ್ದಾಗ ನಮ್ಮ ನಡುವಿನದೆಲ್ಲ ಅವಳ ಮೂಲಕವೇ ಹಾದು ಬರುತ್ತಿತ್ತು.

ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ನನ್ನೊಳಗಿರಿಸಿದ ಹನ್ನೆರಡನೇ ದಿನ ಮೊದಲ ರಕ್ತ ಪರೀಕ್ಷೆ. ನಿಮ್ಮ ಅಳಿಯ ಹಡಗಿನ ಕೆಲಸದ ಮೇಲೆ ಸಮುದ್ರದಲ್ಲಿದ್ದರು. "ನಾನು ಬರ್ತೀನಿ ನಡಿ" ಎಂದು ನೀವು ಸ್ಕೂಟರ್ ತೆಗೆದಿರಿ. ಮೂವತ್ತೆರಡು ವರ್ಷ ಬಸ್ಸು ಓಡಿಸಿದವರು ಅಂದು ಎಷ್ಟು ಮೆಲ್ಲಗೆ ಹೋದಿರೆಂದರೆ, ಸೈಕಲ್ ತುಳಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿದರು.

ರಕ್ತದಲ್ಲಿ ಗರ್ಭದ ಹಾರ್ಮೋನು ಬಂದದ್ದು ಅರವತ್ತೆರಡು. ಗರ್ಭ ನಿಂತಿದೆ, ಆದರೆ ಈ ಹಾರ್ಮೋನು ಎರಡು ದಿನಕ್ಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಹೋಗಬೇಕು ಎಂದರು ಡಾಕ್ಟರು. ಹೋದ ವರ್ಷ ಇದೇ ಸಂಖ್ಯೆ ಏರಿ, ಇಳಿದು, ಇಲ್ಲವಾಗಿತ್ತು. 'ಗರ್ಭ' ಎನ್ನಲು ನಾಚುವ ನೀವು ದಿನಕ್ಕೆ ನಾಲ್ಕು ಸಲ "ಮುಂದಿನ ನಂಬರ್ ಯಾವಾಗಂತೆ?" ಎನ್ನುತ್ತಿದ್ದಿರಿ.

ಎರಡನೇ ಸಲ ಎಂಬತ್ತೆಂಟು. ಮಕ್ಕಳಿಗೆ ಲೆಕ್ಕ ಕಲಿಸುವವಳಿಗೆ ಯಾರೂ ವಿವರಿಸಬೇಕಿರಲಿಲ್ಲ. "ನಿಧಾನ ಇದೆ. ಗರ್ಭಕೋಶ ಬಿಟ್ಟು ನಾಳದಲ್ಲಿ ಕೂತಿರಬಹುದು, ನಿಲ್ಲದೇ ಇರಬಹುದು, ಸರಿಯಾಗೂ ಇರಬಹುದು. ಹೊಟ್ಟೆನೋವು ಬಂದ್ರೆ ತಕ್ಷಣ ಬನ್ನಿ" ಎಂದರು ಡಾಕ್ಟರು. ಮೆಟ್ಟಿಲಿಳಿಯುವಾಗ ನೀವು, "ಏರಿದೆಯಲ್ಲಮ್ಮ, ಇಳಿದಿಲ್ಲವಲ್ಲ" ಎಂದಿರಿ. ನಾನು ಉರಿದುಬಿದ್ದೆ. "ನಿಮಗೇನು ಗೊತ್ತಪ್ಪ? ಕಳ್ಕೊಂಡವರಿಗೆ ಗೊತ್ತು!"

ನೀವು ಹೆಲ್ಮೆಟ್ಟಿನ ಪಟ್ಟಿ ಹಾಕಿದಿರಿ, ಮತ್ತೆ ಬಿಚ್ಚಿದಿರಿ.

"ನಿನಗಿಂತ ಮುಂಚೆ ಒಂದಿತ್ತು ಕಣಮ್ಮ. ಐದು ತಿಂಗಳಿಗೆ ಹೋಯ್ತು. ನಿಮ್ಮಮ್ಮನ್ನ ಆಸ್ಪತ್ರೇಲಿ ಬಿಟ್ಟು ಡ್ಯೂಟಿಗೆ ಹೋದೆ. ಮೂರು ಸ್ಟಾಪು ನಿಲ್ಲಿಸದೇ ಹೋಗ್ಬಿಟ್ಟೆ. ಜನ ಬಾಗಿಲು ಬಡೀತಿದ್ರಂತೆ, ನನಗೆ ಕೇಳಿಸ್ಲೇ ಇಲ್ಲ. ಕಂಡಕ್ಟರ್ ಬಂದು ಭುಜ ಹಿಡಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಅತ್ತೆ."

ನನಗೀಗ ಮೂವತ್ತಾರು. ಇಷ್ಟು ವರ್ಷ ಅಮ್ಮನೂ ಬಾಯಿಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀನು ಹುಟ್ಟಿದೆಯಲ್ಲ, ಆಮೇಲೆ ಪುರುಸೊತ್ತೇ ಆಗ್ಲಿಲ್ಲ" ಎಂದಿರಿ. ಅಳುತ್ತಿದ್ದವಳಿಗೆ ನಗು ಬಂತು.

ಮೂರನೇ ವರದಿ ತರುವ ಧೈರ್ಯ ನನಗಿರಲಿಲ್ಲ. ರಕ್ತ ಕೊಟ್ಟು ಶಾಲೆಗೆ ಹೋದೆ. ಏಳನೇ ತರಗತಿಗೆ ಶೇಕಡಾವಾರು ಹೇಳಿಕೊಡುತ್ತಿದ್ದಾಗ ಬಾಗಿಲಲ್ಲಿ ನೀವು, ಕಾಲಲ್ಲಿ ಬಚ್ಚಲುಮನೆಯ ಚಪ್ಪಲಿ. "ನೂರ ಎಂಬತ್ತೊಂದು! ದುಪ್ಪಟ್ಟಾಗಿ ಮೇಲೆ ಐದು!" ಎಂದು ಕೂಗಿದಿರಿ. ಏನೆಂದು ತಿಳಿಯದ ಮಕ್ಕಳೂ ಚಪ್ಪಾಳೆ ತಟ್ಟಿದವು. ನಾನು ಕೈಯಲ್ಲಿದ್ದ ಸೀಮೆಸುಣ್ಣದಿಂದ ಬೋರ್ಡಿನ ಮೂಲೆಯಲ್ಲಿ ಆ ಸಂಖ್ಯೆಯನ್ನು ಬರೆದೆ.

ಆಮೇಲೆ ಮುನ್ನೂರ ತೊಂಬತ್ತಾಯಿತು. ಇವತ್ತು ಬೆಳಿಗ್ಗೆ ಸ್ಕ್ಯಾನ್. ಹೊರಗೇ ಇರುತ್ತೇನೆಂದು ಹಟ ಹಿಡಿದವರನ್ನು ಡಾಕ್ಟರೇ ಒಳಗೆ ಕರೆದರು. ಪರದೆಯ ಮೇಲೆ ಮಿಣುಕುತ್ತಿದ್ದ ಪುಟ್ಟ ಹೃದಯದ ಚುಕ್ಕೆ ನೋಡಿ, "ಇಂಡಿಕೇಟರ್ ಹಾಕ್ಕೊಂಡು ಬರ್ತಿದೆಯಲ್ಲ ಡಾಕ್ಟ್ರೇ!" ಎಂದಿರಿ. "ಬರೋ ದಾರೀಲೇ ಬರ್ತಿದೆ, ಗರ್ಭಕೋಶದೊಳಗೇ ಇದೆ. ಇನ್ನು ನಂಬರ್ ನೋಡೋದು ಬೇಡ" ಎಂದು ಅವರೂ ನಕ್ಕರು.

ಈಗ ಮಧ್ಯಾಹ್ನ. ಮೂರು ವಾರದಿಂದ ಕಣ್ಣು ಮುಚ್ಚದವರು ಮುಖದ ಮೇಲೆ ಪೇಪರ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದೀರಿ. ಮೆಟ್ಟಿಲ ಮೇಲೆ ಆಡಿದ ಮಾತಿಗೆ ಕ್ಷಮಿಸಿ. ಇನ್ನೊಂದು ಕೇಳಬೇಕಿದೆ: ಅದು ಅಣ್ಣನೋ ಅಕ್ಕನೋ? ನಿಮಗೆ ಹೇಳಬೇಕೆನಿಸಿದಾಗ ಹೇಳಿ. ನನಗೀಗ ಬೇಕಾದಷ್ಟು ಪುರುಸೊತ್ತಿದೆ.

ನೆಮ್ಮದಿಯಾಗಿ ಮಲಗಿ, ನಿಧಾನಕ್ಕೆ ಏಳಿ, ಅಪ್ಪಾ. ನೂರು ಕಾಲ ಬಾಳಿ.

ನಿಮ್ಮ
ಎರಡನೆಯ ಮಗು