ನಿಮಗೆಂದು ಕಟ್ಟಿಸಿದ ಕೋಣೆ

ಅತ್ತೆ,

ಒಂದೇ ಸೂರಿನಡಿ ಬದುಕಿದವರು ನಾವು. ನಿಮಗೆ ಪತ್ರ ಬರೆಯುವ ಪ್ರಮೇಯವೇ ಬಂದಿರಲಿಲ್ಲ. ಈಗ ಬರೆಯುತ್ತಿದ್ದೇನೆ. ನಿಮ್ಮನ್ನೇ ಕೇಳಬೇಕಾದ ಮಾತೊಂದಿದೆ.

ಲಕ್ವ ಹೊಡೆದ ಮೇಲೆ ನಿಮ್ಮನ್ನು ಆಸ್ಪತ್ರೆಯಿಂದ ಕರೆತಂದ ದಿನ, ಗಾಲಿಕುರ್ಚಿ ಬಚ್ಚಲುಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಕಂಕುಳಿಗೆ ಕೈಕೊಟ್ಟು ನಿಮ್ಮನ್ನು ಎತ್ತಿ ಒಳಗೆ ಒಯ್ಯುವಾಗ ನೀವು ಕಣ್ಣು ಮುಚ್ಚಿಕೊಂಡಿರಿ. ನೋವಿಗೋ, ನಾಚಿಕೆಗೋ? ಅಂದೇ ನಿಮ್ಮ ಮಗ ತೀರ್ಮಾನಿಸಿದರು: ರಾಮಕೃಷ್ಣನಗರದ ನಮ್ಮ ಈ ಕೆಳಗಿನ ಫ್ಲ್ಯಾಟಿನ ಹಿಂದೆ ಇದ್ದ ಖಾಲಿ ಜಾಗದಲ್ಲಿ ನಿಮಗೊಂದು ಕೋಣೆ, ಅದಕ್ಕೆ ಅಗಲ ಬಾಗಿಲಿನ ಬಚ್ಚಲು.

ಆಮೇಲಿನದು ನಿಮಗೇ ಗೊತ್ತು. ಆ ಜಾಗ ಎರಡೂ ಮನೆಗೆ ಸೇರಿದ್ದು, ಮೇಲಿನ ಮನೆಯ ಗಿರಿಜಮ್ಮನವರು ಒಪ್ಪಲಿಲ್ಲ. ಹೊಸ ಕೋಣೆಯ ತಾರಸಿ ತಮ್ಮ ಬಾಲ್ಕನಿಗೆ ತಾಗುತ್ತದೆ, ಕಳ್ಳರಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗಾಗುತ್ತದೆ ಎಂದರು. ನಿಮ್ಮ ಮಗ ಎಷ್ಟು ಸಲ ಹತ್ತಿಳಿದರೋ. ನೀವು ಮಲಗಿದಲ್ಲಿಂದಲೇ, ಹೊಸ ಕೋಣೆಗೆ ಬಾಗಿಲು ತೆರೆಯಬೇಕಿದ್ದ ಹಿಂದಿನ ಗೋಡೆಯನ್ನು ನೋಡುತ್ತಾ, ತೊದಲುತ್ತಾ, "ಯಾವಾಗ ಒಡೀತಾರೆ?" ಎಂದು ಕೇಳುತ್ತಿದ್ದಿರಿ. ಗೋಡೆ ಇದ್ದ ಹಾಗೇ ಇತ್ತು. ನೀವು ಹೊರಟುಹೋದಿರಿ.

ವೈಕುಂಠ ಸಮಾರಾಧನೆಯ ದಿನ ಗಿರಿಜಮ್ಮ ಕೆಳಗಿಳಿದು ಬಂದರು. ಕಟ್ಟಿಸಿಕೊಳ್ಳಿ ಎಂದಷ್ಟೇ ಹೇಳಿ, ಎಲೆಯ ಮುಂದೆ ಕೂರದೆ ಹೋದರು. ಇನ್ನು ಯಾರಿಗಾಗಿ ಎಂದು ನೆಂಟರೆಲ್ಲ ಕೇಳಿದರೂ ನಿಮ್ಮ ಮಗ ಕಟ್ಟಿಸಿದರು. ಬಣ್ಣ ಒಣಗಿದ ಮೇಲೆ ಬೀಗ ಹಾಕಿದರು, ಮತ್ತೆ ಆ ಕಡೆ ಸುಳಿಯಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಆ ಬಾಗಿಲ ಹಿಂದೆ ನಿಮ್ಮ ತೊದಲು ಕೇಳಿಸಿದಂತಾಗಿ ನಾನು ನಲ್ಲಿ ನಿಲ್ಲಿಸುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಆದರೂ…

ಈ ಸಲ ಮಳೆಗಾಲದಲ್ಲಿ ಗಿರಿಜಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಮ್ಮದು ಲಿಫ್ಟ್ ಇಲ್ಲದ ಕಟ್ಟಡ. ಆಪರೇಷನ್ ಆದ ತಾಯಿಯನ್ನು ಮೇಲೆ ಹತ್ತಿಸುವುದು ಹೇಗೆಂದು ಅವರ ಮಗಳು ನಮ್ಮ ಹೊಸ್ತಿಲಲ್ಲಿ ನಿಂತು ಅತ್ತಳು. ಆ ಕೋಣೆ ಕೊಡೋಣ ಎಂದೆ ನಾನು.

"ಅಮ್ಮಂಗೇ ಸಿಗದೆ ಇದ್ದ ರೂಮು ಕಣೇ ಅದು," ಎಂದರು ನಿಮ್ಮ ಮಗ.

ಬಾಗಿಲಲ್ಲಿ ಸಿಕ್ಕಿಕೊಳ್ಳುವ ಕುರ್ಚಿ ಹೇಗಿರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತಲ್ಲ. ಸಂಜೆ ಅವರೇ ಎದ್ದುಹೋಗಿ ಬೀಗ ತೆಗೆದರು.

ಬಂದ ಮಾರನೆಯ ಮಧ್ಯಾಹ್ನವೇ ಗಿರಿಜಮ್ಮ ಕಿಟಕಿಯತ್ತ ನೋಡಿ, ಅಲ್ಲಿರುವುದು ನಿನ್ನ ಅತ್ತೆಯಲ್ಲವೇ ಎಂದು ನನ್ನನ್ನು ಕೇಳಿದರು. ಮಾತ್ರೆಯ ಮಂಪರು ಎಂದುಕೊಂಡೆ. ಡಾಕ್ಟರೂ ಹಾಗೇ ಹೇಳಿದರು. ಆದರೆ ಕಾಫಿಗೆ ಡಿಕಾಕ್ಷನ್ ಕಮ್ಮಿಯಾದರೆ ಗೊತ್ತಾಗುವಷ್ಟು ಅವರ ಬುದ್ಧಿ ನೆಟ್ಟಗಿದೆ. ದಿನಾ ಮಧ್ಯಾಹ್ನ ನೀವು ಬರುತ್ತೀರಂತೆ. ತಪ್ಪಾಯಿತು ಎಂದು ಅವರು ಕೈಮುಗಿದರೂ ನೀವು ಮಾತಾಡುವುದಿಲ್ಲವಂತೆ, ಸುಮ್ಮನೆ ನೋಡುತ್ತೀರಂತೆ. ನಿಜವೇ ಅತ್ತೆ? ಅವರ ಮೇಲಿನ ಸಿಟ್ಟಿಗೆ ಬರುತ್ತೀರೋ, ನಿಮ್ಮ ಕೋಣೆ ನೋಡಲೋ? ಹಾಗಾದರೆ ನನಗೇಕೆ ಕಾಣಿಸುವುದಿಲ್ಲ? ಅದೇ ಹೊತ್ತಿಗೆ ನಾನೂ ನೆಲ ಒರೆಸುವ ನೆವದಲ್ಲಿ ಹೋಗಿ ನಿಲ್ಲುತ್ತೇನೆ. ಕಿಟಕಿ, ಬಿಸಿಲು, ಗೋಡೆ, ಅಷ್ಟೇ.

ಇವತ್ತು ಊಟ ಕೊಡಲು ಹೋದಾಗ ಗಿರಿಜಮ್ಮ, "ಒಂದು ಕುರ್ಚಿ ಹಾಕಮ್ಮ, ಪಾಪ. ಬಂದಾಗ್ಲಿಂದ ನಿಂತೇ ಇರ್ತಾರೆ," ಎಂದರು.

ನನ್ನ ಬೆನ್ನ ಹಿಂದೆ, ಬೀಗ ತೆಗೆದ ಮೇಲೂ ಆ ಕೋಣೆಗೆ ಕಾಲಿಡದಿದ್ದ ನಿಮ್ಮ ಮಗ ಹೊಸ್ತಿಲು ದಾಟಿ ಬಂದಿದ್ದರು. ಅಮ್ಮ ಗೋಡೆ ಹಿಡಿದುಕೊಂಡಿದ್ದಾರಾ ಎಂದು ಬಹಳ ಮೆಲ್ಲಗೆ ಕೇಳಿದರು.

"ಇಲ್ಲ ಕಣಪ್ಪ. ಏನೂ ಹಿಡ್ಕೊಂಡಿಲ್ಲ. ನೆಟ್ಟಗೆ ನಿಂತವ್ರೆ."

ನಿಮ್ಮ ಮಗ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ನೀವು ನಿಂತಿದ್ದೀರಂತೆ, ಅತ್ತೆ. ನಾನು ಕುರ್ಚಿ ಹಾಕಲಿಲ್ಲ.

ನಿಮ್ಮ ಸೊಸೆ