ಒರಟು ಸೀಸೆ

೪-೩-೧೯೫೮, ಆಂಡರ್ಸನ್‌ಪೇಟೆ
ಬೆಳಿಗ್ಗೆ ಆರು. ಸ್ನಾನ, ಪೂಜೆ ಮುಗಿಯಿತು. ಔಷಧದ ಸೀಸೆಗಳಿಗೆ ಅಂಟಿಸಲು ಇನ್ನು ಹತ್ತು ಚೀಟಿ ಬರೆದರೆ ಐವತ್ತು. ಪಕ್ಕದ ಮನೆಯ ಅಮ್ಮಾಜಮ್ಮನವರು ಮೊನ್ನೆ ಹೊಟ್ಟೆಯ ಮಿಕ್ಸ್‌ಚರ್ ಎಂದುಕೊಂಡು ಮೊಣಕಾಲಿಗೆ ಹಚ್ಚುವ ಔಷಧವನ್ನು ಕುಡಿದರು. ವಾಂತಿಯಾಗಿ ಬದುಕಿಕೊಂಡರು. ಎರಡೂ ಹಾಲಿನ ಬಣ್ಣ. ದವಾಖಾನೆಗೆ ಸೀಸೆಯನ್ನು ಮನೆಯಿಂದಲೇ ಒಯ್ಯುವ ಪದ್ಧತಿ. ಆಕೆ ಒಯ್ದದ್ದು ಒಂದೇ ಬಗೆಯ ಎರಡು. ಡಾಕ್ಟರ್ ಮುನಿನಾರಾಯಣಪ್ಪನವರು ಬೈದದ್ದು ಮಾತ್ರ ಕಾಂಪೌಂಡರ್ ಕುಪ್ಪುಸ್ವಾಮಿಯನ್ನು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲವಂತೆ. ನನ್ನ ಚೀಟಿಗಳಿರುವಾಗ ಹೇಗಾದೀತು? ‘ಕುಡಿಯತಕ್ಕದ್ದು’, ‘ಹಚ್ಚತಕ್ಕದ್ದು’ — ದುಂಡಾದ, ತಪ್ಪಿಲ್ಲದ ಅಕ್ಷರ.

೧೧-೩
ಆಯಿತು. ಮತ್ತೆ ಅಮ್ಮಾಜಮ್ಮನವರೇ. ಹಚ್ಚುವ ಔಷಧವನ್ನು ಲೋಟಕ್ಕೆ ಬಗ್ಗಿಸಿ ಬಾಯಿಯವರೆಗೆ ತಂದಿದ್ದರು, ವಾಸನೆ ತಡೆಯಿತು.
“ಚೀಟಿ ನೋಡಬಾರದೇ?” ಎಂದೆ.
“ಅದು ನನ್ತಾವ ಏನ್ ಯೋಳ್ತದೆ ಟೀಚರಮ್ಮ? ನೀನ್ ಬರ್ದಿದ್ದು ನಿನ್ತಾವ್ಲೇ ಮಾತಾಡ್ತದೆ!”
ಮೂವತ್ತೊಂದು ವರ್ಷ ಓದು ಕಲಿಸಿದವಳಿಗೆ ಇದು ಹೊಳೆಯಲಿಲ್ಲ...
ಕುಪ್ಪುಸ್ವಾಮಿಗೆ ತಿಂಗಳ ಕೊನೆಗೆ ಬಿಟ್ಟುಹೋಗಲು ಹೇಳಿದ್ದಾರೆ.

೧೩-೩, ಮಧ್ಯಾಹ್ನ
ದವಾಖಾನೆಗೆ ಹೋದೆ. ಡಾಕ್ಟರಿಗೆ ನೇರವಾಗಿಯೇ ಹೇಳಿದೆ — ತಪ್ಪು ಏರ್ಪಾಟಿನದು. ಕಾಂಪೌಂಡರನ್ನು ಬದಲಿಸಿದರೆ ಸೀಸೆ ಬದಲಾದೀತೇ? ಹಚ್ಚುವ ಔಷಧದ ಸೀಸೆಗೆ ಕತ್ತಿನಿಂದ ಬುಡದವರೆಗೆ ತೆಂಗಿನ ನಾರಿನ ಹುರಿ ಸುತ್ತಿಸಿ. ಕೈಗೆ ಒರಟಾದದ್ದು ಬಾಯಿಗಲ್ಲ. ಹುರಿಯಿಲ್ಲದ ಸೀಸೆಗೆ ಆ ಔಷಧವನ್ನು ಸುರಿಯಲೇಕೂಡದು.
“ಸುತ್ತುತ್ತ ಕೂರೋರು ಯಾರು ತಾಯಿ?”
“ಬೆಂಚಿನ ಮೇಲೆ ಕಾಯುತ್ತ ಕುಳಿತವರು. ಸುಮ್ಮನೆ ಕುಳಿತು ನಿಮ್ಮನ್ನೇ ಬೈಯುತ್ತಿರುತ್ತಾರೆ.”
ನಕ್ಕರು. ತಿಂಗಳ ಕೊನೆಯವರೆಗೆ ನೋಡೋಣ ಎಂದರು. ನೋಡಲಿ.

೩೧-೩
ಹುರಿ ಸುತ್ತತೊಡಗಿ ಹದಿನೆಂಟು ದಿನ. ಒಂದೂ ತಪ್ಪಿಲ್ಲ. ಆದರೂ ಪರೀಕ್ಷೆ ಬೇಕು. ಡಾಕ್ಟರ ಎದುರಿಗೇ ಅಮ್ಮಾಜಮ್ಮನವರ ಕಣ್ಣಿಗೆ ಟವಲು ಕಟ್ಟಿ ಎರಡು ಸೀಸೆ ಕೊಟ್ಟೆ. ಕುಪ್ಪುಸ್ವಾಮಿ ಔಷಧ ಬೆರೆಸುವುದನ್ನು ಬಿಟ್ಟು ಬಂದು ನಿಂತ.
“ಇದು ಮೊಣಕಾಲ್ಗೆ. ಇದು ಒಟ್ಟೇಗೆ. ಬಿಚ್ಚಮ್ಮ ಕಣ್ಣ, ಕಳ್ಳಾಟ ಆಡೋ ವಯಸ್ಸಾ ನಂದು?”
ಡಾಕ್ಟರು ಕುಪ್ಪುಸ್ವಾಮಿಯ ಕಡೆಗೆ ತಿರುಗಿ, “ನಾಳೆ ಎಂಟಕ್ಕೆ ಸರಿಯಾಗಿ ಬಾರಯ್ಯ” ಎಂದರು. ಅಷ್ಟೇ. ಅಷ್ಟು ಸಾಕು.

ಅದೇ ದಿನ, ಸಂಜೆ
ಕುಪ್ಪುಸ್ವಾಮಿ ಮನೆಗೆ ಬಂದ. ಕೃತಜ್ಞತೆ ಹೇಳುವನೆಂದುಕೊಂಡೆ. ಚಿಕ್ಕ ಸೀಸೆ ಎರಡನ್ನು ಮೇಜಿನ ಮೇಲಿಟ್ಟ.
“ಟೀಚರಮ್ಮ, ಒಂದು ಕಣ್ಣಿಗೆ ಬಿಡೋದು, ಒಂದು ಕಿವಿಗೆ. ಇದಕ್ಕೆ ಏನ್ ಮಾಡೋದಮ್ಮಾ?”
ಒಳ್ಳೆಯ ವಿದ್ಯಾರ್ಥಿ. ಇಷ್ಟು ಚಿಕ್ಕದಕ್ಕೆ ಹುರಿ ನಿಲ್ಲದು. ಕಣ್ಣು ಮುಚ್ಚಿ ಹಿಡಿದು ನೋಡಬೇಕು. ಮೊದಲು ಕಿವಿಯದು; ಲೇಖನಿ ಕೆಳಗಿಡುತ್ತೇನೆ.